ಏಳನೆಯ ನರಕದ ಚಳಿ

ಕುದುರೆಯ ಬೆವರಿಗೆ ಒದ್ದೆ ಚರ್ಮದ ವಾಸನೆ ಸೇರಿ, ಅದರ ಮೇಲೆ ಬೇಯಿಸಿದ ಹುರುಳಿಯ ಹಬೆ ಹಾದರೆ ಹೇಗಿರುತ್ತದೋ ಆ ವಾಸನೆ ಕಾಂಚನಮಾಲಾಳಿಗೆ ನೆಪೋಲಿಯನ್ ಎಂಬ ಹೆಸರಿನ ಜೊತೆಗೇ ಬರುತ್ತಿತ್ತು. ಅವಳಿಗೆ ಐದೋ ಆರೋ ವರ್ಷವಿದ್ದಾಗ ಅರಸೀಕೆರೆಯ ಸ್ಟೇಷನ್ನಿನಲ್ಲಿ ಪಲ್ಟನ್ನಿನ ಕುದುರೆಗಳನ್ನು ತುಂಬಿದ ರೈಲೊಂದು ಮಧ್ಯಾಹ್ನವಿಡೀ ನಿಂತಿತ್ತು. ಅಪ್ಪನ ಕೊಬ್ಬರಿ ಮಂಡಿ ಸ್ಟೇಷನ್ನಿನ ಹಿಂದೆಯೇ ಇದ್ದುದರಿಂದ ಅವರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ್ದರು. ಹಲಗೆಯ ಸಂದಿಯಿಂದ ಒಂದು ಕುದುರೆ ಮೂಗು ಹೊರಗೆ ಹಾಕಿ ಅವಳ ಮುಖದ ಮೇಲೆ ಉಸಿರು ಬಿಟ್ಟಿತ್ತು. ಎಲ್ಲಿಗೆ ಹೋಗ್ತಿವೆ ಎಂದು ಕೇಳಿದ್ದಕ್ಕೆ ಅಪ್ಪ ಯುದ್ಧಕ್ಕೆ ಎಂದರೋ ಯುದ್ಧದಿಂದ ಎಂದರೋ ಈಗ ನೆನಪಿಲ್ಲ. ಮುಂದೆ ಮೈಸೂರಿನಲ್ಲಿ ಬಿ.ಎ. ಓದುವಾಗ ಚರಿತ್ರೆಯ ಮೇಷ್ಟರು ಆ ಸಣ್ಣ ಆಳಿನ ದೊಡ್ಡ ಚಕ್ರವರ್ತಿಯ ಪಾಠ ಶುರುಮಾಡಿದ ದಿನ ಆ ವಾಸನೆ ತರಗತಿಯೊಳಕ್ಕೆ ಬಂದುಬಿಟ್ಟಿತು. ಪಕ್ಕದ ಹುಡುಗಿಯರಿಗೂ ಬಂತೇ ಎಂದು ತಿರುಗಿ ನೋಡಿದ್ದಳು. ಅವರು ಬರೆದುಕೊಳ್ಳುತ್ತಿದ್ದರು. ಈಗ, ನಲವತ್ತಕ್ಕೂ ಹೆಚ್ಚು ವರ್ಷದ ಮೇಲೆ, ಹಳೇಬೀಡಿನಲ್ಲಿ ಬೇಲೂರಿನ ಬಸ್ಸಿಗಾಗಿ ಕಾಯುತ್ತ ನಿಂತಾಗಲೂ ಅದು ಬಂತು. ಈ ಸಲ ಅವಳಿಗೆ ಅದು ಹಿತವೆನಿಸಲಿಲ್ಲ.

ಬೆಳಿಗ್ಗೆ ಊಟ ಮುಗಿಸಿ ಚೀಲ ತೆಗೆದುಕೊಂಡಾಗ ಗಂಡ ವೃಷಭರಾಜ ಪತ್ರಿಕೆಯ ಹಿಂದಿನಿಂದಲೇ ಕೇಳಿದ್ದರು. ‘ಬೇಲೂರಲ್ಲಿ ಏನು ಕೆಲಸ?’

‘ಲೈಬ್ರರಿ.’

‘ಮತ್ತೆ ಅವನೇನಾ?’

‘ಅವನೇ.’

‘ಸತ್ತು ನೂರೈವತ್ತು ವರ್ಷ ಆಯ್ತು ಕಣೇ. ನಾಳೆ ಹೋದ್ರೆ ಓಡಿಹೋಗ್ತಾನಾ?’ ಅವಳು ನಗಲಿಲ್ಲ. ಅವರು ಪತ್ರಿಕೆ ಇಳಿಸಿ, ಬೇರೆಯದೇ ದನಿಯಲ್ಲಿ, ‘ಶೀಲಾವತಿ ಮನೆ ಬೀಗ ಇನ್ನೂ ಹಾಗೇ ಇದೆ’ ಎಂದರು. ಅಂದರೆ ಅವರೂ ನೋಡುತ್ತಿದ್ದರು. ಎದುರುಸಾಲಿನ ಆ ಬೀಗವನ್ನು ತಾನೊಬ್ಬಳೇ ದಿನವೂ ಕದ್ದು ನೋಡುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು.

ಎಲ್ಲ ಶುರುವಾದದ್ದು ಶೀಲಾವತಿಯಿಂದಲೇ. ಮಳೆಗಾಲದ ನಾಲ್ಕು ತಿಂಗಳು ಹಳೇಬೀಡಿಗೆ ಹೊಂದಿಕೊಂಡ ಬಸ್ತಿಹಳ್ಳಿಯ ಹೆಂಗಸರು ಮಧ್ಯಾಹ್ನ ಕಾಂಚನಮಾಲಾಳ ಮನೆಯ ಜಗಲಿಯಲ್ಲಿ ಸೇರಿ ಪುರಾಣ ಕೇಳುವುದು ಅವಳ ಅತ್ತೆಯ ಕಾಲದಿಂದ ಬಂದ ರೂಢಿ. ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಕೊನೆಮನೆಯ ಸೊಸೆ ಪದ್ಮಲತಾಳ ಕಂಠ ಚೆನ್ನಾಗಿದ್ದುದರಿಂದ ಅವಳು ಓದುವವಳು, ಕಾಲೇಜು ಕಂಡವಳೆಂದು ಕಾಂಚನಮಾಲಾ ಅರ್ಥ ಹೇಳುವವಳು. ಈ ವರ್ಷ ಪದ್ಮಲತಾ ಬೇಗ ಬೇಗ ಓದಿದ್ದರಿಂದ ಕಾರ್ತಿಕ ಮುಗಿಯುವ ಮೊದಲೇ ಪುರಾಣ ಮುಗಿದುಹೋಯಿತು. ಮರುದಿನವೂ ಹೆಂಗಸರು ಅಭ್ಯಾಸಬಲದಿಂದ ಬಂದು ಕೂತರು. ‘ನಿಮ್ಮ ಕಾಲೇಜಿನ ಪುರಾಣ ಹೇಳಿ ಅಕ್ಕ’ ಎಂದು ಶೀಲಾವತಿ ತಮಾಷೆ ಮಾಡಿದಳು. ಕಾಂಚನಮಾಲಾ ಸುಮ್ಮನೆ ಬಾಯಿ ತೆರೆದಳು. ಒಂದು ದ್ವೀಪದಲ್ಲಿ ಒಬ್ಬ ಹುಡುಗ ಹುಟ್ಟಿದ ಎಂದಳು. ಆಮೇಲೆ ನಿಲ್ಲಿಸಲಾಗಲಿಲ್ಲ. ಓದುವವಳೂ ಅವಳೇ, ಅರ್ಥ ಹೇಳುವವಳೂ ಅವಳೇ ಆಗಿ, ಪರೀಕ್ಷೆಗೆಂದು ಉರುಹೊಡೆದದ್ದೆಲ್ಲ ಇಷ್ಟು ವರ್ಷ ಎಲ್ಲಿ ಕುಳಿತಿತ್ತೋ, ಸಾಲಾಗಿ ಎದ್ದುಬಂತು. ಫಿರಂಗಿ ಪಡೆಯ ಬಡ ಅಧಿಕಾರಿ ಸೇನಾಪತಿಯಾದದ್ದು, ಸೇನಾಪತಿ ದೊರೆಯಾದದ್ದು, ಧರ್ಮಗುರುವನ್ನು ಅಷ್ಟು ದೂರದಿಂದ ಕರೆಸಿ ಅವರೆದುರಿಗೇ ಕಿರೀಟವನ್ನು ತಾನೇ ಎತ್ತಿ ತಲೆಗಿಟ್ಟುಕೊಂಡದ್ದು. ‘ತಾನೇ ಇಟ್ಕೊಂಡ್ನಾ? ಗುರುಗಳು ಸುಮ್ನಿದ್ರಾ?’ ಎಂದು ಪದ್ಮಲತಾ ಕೆನ್ನೆಗೆ ಕೈಯಿಟ್ಟಳು. ಮೊದಲ ಹೆಂಡತಿಯನ್ನು ಬಿಟ್ಟ ಕಥೆ ಬಂದ ದಿನ ಜಗಲಿಯಲ್ಲಿ ಯಾರಿಗೂ ಅವನ ಮೇಲೆ ಕನಿಕರ ಉಳಿಯಲಿಲ್ಲ. ‘ಮುಗೀತು ಬಿಡಿ ಅವನ ಪುಣ್ಯ, ಇನ್ನು ಇಳಿಯೋದೇ’ ಎಂದಳು ಶೀಲಾವತಿ. ಚರಿತ್ರೆಯ ಮೇಷ್ಟರು ಆ ಇಳಿತಕ್ಕೆ ಎಷ್ಟೊಂದು ಕಾರಣ ಕೊಟ್ಟಿದ್ದರು. ಶೀಲಾವತಿಯ ಕಾರಣ ಅದರಲ್ಲಿರಲಿಲ್ಲ, ಆದರೆ ವರ್ಷಗಳ ಲೆಕ್ಕ ನೋಡಿದರೆ ಇವಳದೂ ಸರಿಹೊಂದುತ್ತದಲ್ಲ ಎಂದು ಕಾಂಚನಮಾಲಾಳಿಗೆ ಅಂದು ರಾತ್ರಿ ಆಶ್ಚರ್ಯವಾಗಿತ್ತು.

ಬಸ್ಸು ಬಂತು. ಕಿಟಕಿಯ ಪಕ್ಕ ಕೂತ ಯಾರೋ ಹೆಂಗಸು, ಗುರುತಿಲ್ಲದವಳು, ಮಡಿಲಿನ ಕೋಳಿಬುಟ್ಟಿಯನ್ನು ಕಾಲ ಕೆಳಗಿಟ್ಟು ‘ಕುಂತ್ಕಳಿ ಅವ್ವ’ ಎಂದು ಜಾಗ ಮಾಡಿದಳು. ಕಾಂಚನಮಾಲಾ ಕೂತಳು. ಹೊರಗೆ ರಾಗಿ ತೆನೆಗಟ್ಟಿತ್ತು. ಪುರಾಣದಲ್ಲಿ ಒಂದು ಬೆಟ್ಟವಿದೆ, ಭೂಮಿಯನ್ನೆಲ್ಲ ಗೆದ್ದ ಚಕ್ರವರ್ತಿ ಅದರ ಮೇಲೆ ತನ್ನ ಹೆಸರು ಕೆತ್ತಬೇಕು. ಮೊದಲ ಚಕ್ರವರ್ತಿ ತಾನೇ ಮೊದಲಿಗನೆಂದು ಹೆಮ್ಮೆಯಿಂದ ಹೋದರೆ ಅಲ್ಲಿ ಆಗಲೇ ಹಿಂದಿನ ಯುಗಗಳ ಚಕ್ರವರ್ತಿಗಳ ಹೆಸರುಗಳು ತುಂಬಿ, ಒಂದು ಅಕ್ಷರಕ್ಕೂ ಜಾಗವಿರಲಿಲ್ಲವಂತೆ. ಯಾರದೋ ಹೆಸರನ್ನು ಅಳಿಸಿ ತನ್ನದನ್ನು ಬರೆದನಂತೆ. ಆ ಬೆಟ್ಟದಲ್ಲಿ ನೆಪೋಲಿಯನ್ನಿನ ಹೆಸರೂ ಇರುತ್ತದೆಯೇ, ಯಾವ ಲಿಪಿಯಲ್ಲಿರುತ್ತದೆ, ಯಾರದನ್ನು ಅಳಿಸಿ ಬರೆದಿರಬಹುದು ಎಂದೆಲ್ಲ ಜಗಲಿಯಲ್ಲಿ ಚರ್ಚೆಯಾಗಿತ್ತು. ಎಷ್ಟು ಚೆನ್ನಾಗಿದ್ದವು ಆ ದಿನಗಳು. ಮಧ್ಯಾಹ್ನ ಯಾವಾಗ ಆದೀತು ಎಂದು ಅವಳು ಕಾಯುತ್ತಿದ್ದಳು. ತನ್ನ ದನಿ ತನಗೇ ಇಷ್ಟವಾಗತೊಡಗಿತ್ತು. ಅದನ್ನು ಈಗ ನೆನೆದರೆ ಕುತ್ತಿಗೆಯ ಹಿಂದೆ ಬಿಸಿಯಾಗುತ್ತದೆ.

ಯಾಕೆಂದರೆ ಕೊನೆಯ ದಿನ ಅವಳು ಹಿಮವನ್ನು ಬಲು ಚೆನ್ನಾಗಿ ಹೇಳಿದಳು. ರಷ್ಯಾದ ಬಯಲು, ಸುಟ್ಟ ಪಟ್ಟಣ, ಹಿಂದಕ್ಕೆ ಹೊರಟ ದಂಡು. ಬಿಳಿಯ ಮೇಲೆ ಬಿಳಿ ಬೀಳುವುದನ್ನು ಕೈಬೆರಳು ಆಡಿಸಿ ತೋರಿಸಿದಳು. ಮೊದಲು ಮೂಗಿನ ತುದಿ ಮರಗಟ್ಟುತ್ತದೆ, ಆಮೇಲೆ ಕಾಲು ತನ್ನದಲ್ಲ ಅನಿಸುತ್ತದೆ, ಕೊನೆಗೆ ಸುಖವಾಗಿ ನಿದ್ದೆ ಬರುತ್ತದೆ, ಕೂತವರು ಏಳುವುದಿಲ್ಲ ಎಂದಳು. ಹಸಿದವರು ಕುದುರೆಗಳನ್ನು ತಿಂದರೆಂಬುದನ್ನು ಮಾತ್ರ ಆ ಜಗಲಿಯಲ್ಲಿ ಹೇಳಲಾಗದೆ ನುಂಗಿಕೊಂಡಳು. ಲಕ್ಷಗಟ್ಟಲೆ ಹೋದವರಲ್ಲಿ ಬೆರಳೆಣಿಕೆಯಷ್ಟು ಜನ ಬಂದರು ಎಂದು ಹೇಳಿ, ಅಲ್ಲಿಂದ ಬೇಗ ಬೇಗ ಅವನ ಸೋಲು, ಮತ್ತೆ ಬಂದು ಮತ್ತೆ ಸೋತದ್ದು, ಸಮುದ್ರದ ನಡುವಿನ ಸಣ್ಣ ದ್ವೀಪದಲ್ಲಿ ಇಂಗ್ಲಿಷರ ಕಾವಲಿನಲ್ಲಿ ಸತ್ತದ್ದು, ಎಲ್ಲ ಮುಗಿಸಿದಳು. ಯಾರೂ ಏಳಲಿಲ್ಲ. ಏಕೆಂದು ಅವಳಿಗೆ ತಿಳಿಯಲಿಲ್ಲ. ‘ಅಕ್ಕ, ಗತಿ ಹೇಳಲಿಲ್ಲ ನೀವು’ ಎಂದಳು ಪದ್ಮಲತಾ. ‘ಸತ್ಮೇಲೆ ಎಲ್ಲಿ ಹುಟ್ಟಿದ?’ ಹೌದು, ಆ ಜಗಲಿಯಲ್ಲಿ ಇದುವರೆಗೆ ಯಾವ ಕಥೆಯೂ ಹಾಗೆ ಮುಗಿದಿರಲಿಲ್ಲ. ರಾಜನಿರಲಿ, ಕಪ್ಪೆಯಿರಲಿ, ಸತ್ತ ಜೀವ ಮುಂದೆ ಯಾವ ಲೋಕಕ್ಕೆ ಹೋಯಿತು ಎಂದು ಕೇಳದೆ ಹೆಂಗಸರು ಸೆರಗು ಕೊಡವಿ ಏಳುವವರಲ್ಲ. ಕಾಂಚನಮಾಲಾ ಒಂದು ಕ್ಷಣವೂ ಯೋಚಿಸಲಿಲ್ಲ. ಎಲ್ಲವನ್ನೂ ಬಿಟ್ಟು ದೀಕ್ಷೆ ಹಿಡಿಯದೆ, ಚಕ್ರವರ್ತಿಯಾಗಿಯೇ ಸತ್ತವನಿಗೆ ಪುರಾಣದಲ್ಲಿರುವುದು ಒಂದೇ ಜಾಗ. ‘ಏಳನೇ ನರಕ’ ಎಂದಳು. ‘ಮೇಲಿನ ನರಕಗಳ ಹಾಗೆ ಅಲ್ಲಿ ಬೆಂಕಿ ಇಲ್ಲ, ಬರೀ ಚಳಿ. ರಷ್ಯಾದಲ್ಲಿ ಬಿಟ್ಟುಬಂದ ದಂಡೆಲ್ಲ ಅಲ್ಲೇ ಸಾಲಾಗಿ ಕಾಯ್ತಿರುತ್ತೆ, ದೊರೆ ಬಂದ ಅಂತ ಸಲಾಮು ಹೊಡೆಯುತ್ತೆ!’ ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಿರುವಾಗಲೇ ಶೀಲಾವತಿ ಎದ್ದು, ಚಪ್ಪಲಿಗೆ ಕಾಲು ಸರಿಯಾಗಿ ಸೇರದಿದ್ದರೂ ನಿಲ್ಲದೆ, ಬೀದಿ ದಾಟಿ ಹೋದದ್ದು ಕಂಡಿತು. ಆಗ ನೆನಪಾಯಿತು. ಆಗ.

ಶೀಲಾವತಿಯ ಒಬ್ಬನೇ ಮಗ ಚಂದ್ರರಾಜ ಮನೆಯವರು ಬೇಡವೆಂದರೂ ಮಿಲಿಟರಿ ಸೇರಿದವನು. ಲಡಾಖಿನ ದಾರಿಯಲ್ಲಿ ಲಾರಿ ಸಿಕ್ಕಿಕೊಂಡು ಹಿಮದಲ್ಲಿ ಸತ್ತು ಎಂಟು ವರ್ಷವಾಗಿತ್ತು. ಕೊಲ್ಲುವ ಕಸುಬು ಹಿಡಿದ ಎಂದು ಬಸದಿಯ ಅಂಗಳದಲ್ಲಿ ಅವನ ತಾಯಿಗೆ ಕೇಳುವಂತೆಯೇ ಮಾತಾಡಿದವರಿದ್ದರು. ಅಂಥ ಮಾತು ಬಂದಾಗಲೆಲ್ಲ ಅಡ್ಡ ನಿಂತು ಬಾಯಿ ಮುಚ್ಚಿಸಿದವಳು ಕಾಂಚನಮಾಲಾ. ಈಗ ಅವಳೇ, ಕೈಬೆರಳು ಆಡಿಸಿ, ಹಿಮದಲ್ಲಿ ಸತ್ತ ಸಿಪಾಯಿಗಳನ್ನೆಲ್ಲ ನರಕದಲ್ಲಿ ಸಾಲಾಗಿ ನಿಲ್ಲಿಸಿ, ಜನರನ್ನು ನಗಿಸಿದಳು. ಮರುದಿನ ಬೆಳಿಗ್ಗೆ ಎದುರುಮನೆಗೆ ಬೀಗ ಬಿದ್ದಿತ್ತು. ಹುಲಿಕೆರೆಯ ತಮ್ಮನ ಮನೆಗೆ ಹೋದಳಂತೆ ಎಂದು ಹಾಲಿನವಳು ಹೇಳಿದಳು. ಊರಿಗೆ ಹೋಗುವಾಗ ಕೀಲಿಕೈ ಕೊಟ್ಟುಹೋಗಲು ಇಷ್ಟು ವರ್ಷ ತಪ್ಪದೆ ಬರುತ್ತಿದ್ದವಳು ಈ ಸಲ ಬರಲಿಲ್ಲ.

ಬೇಲೂರಿನ ಲೈಬ್ರರಿಯಲ್ಲಿ ಇಬ್ಬರು ನಿವೃತ್ತರು ಪತ್ರಿಕೆ ಹಿಡಿದು ತೂಕಡಿಸುತ್ತಿದ್ದರು. ವಿಭೂತಿ ಹಚ್ಚಿದ ಲೈಬ್ರರಿಯನ್ ಗಂಗಾಧರಯ್ಯ ಮೇಜಿನ ಹಿಂದಿನಿಂದ ತಲೆಯೆತ್ತಿದರು. ‘ಯಾವ ಪುಸ್ತಕ ಬೇಕಿತ್ತಮ್ಮಾ?’

‘ನೆಪೋಲಿಯನ್ ಬಗ್ಗೆ.’

‘ಮೊಮ್ಮಗಳಿಗೆ ಪರೀಕ್ಷೆಯಾ?’

‘ನನಗೇ. ಸತ್ತಮೇಲೆ ಎಲ್ಲಿಗೆ ಹೋದ ಅಂತ ನೋಡಬೇಕಿತ್ತು.’

‘ಸೇಂಟ್ ಹೆಲೀನಾಕ್ಕೆ’ ಎಂದರು ಅವರು ತಕ್ಷಣ, ಹುಡುಗನಂತೆ.

‘ಅದು ಸಾಯೋ ಮುಂಚೆ.’

ಗಂಗಾಧರಯ್ಯ ಯೋಚಿಸಿದರು. ‘ಅದು ನಮ್ಮಲ್ಲಿರೋದು ಕಷ್ಟ’ ಎಂದು ಏಣಿ ತಂದು, ಮೇಲಿನ ಸಾಲಿನಿಂದ ರಟ್ಟು ಸಡಿಲಾದ ಇಂಗ್ಲಿಷ್ ಪುಸ್ತಕವೊಂದನ್ನು ಇಳಿಸಿ, ತಮ್ಮ ಹೆಗಲ ವಸ್ತ್ರದಿಂದಲೇ ಧೂಳು ಒರೆಸಿದರು. ಬೆಳಕು ಚೆನ್ನಾಗಿದೆ ಎಂದು ತಮ್ಮ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಟ್ಟು ತಾವು ಸ್ಟೂಲಿನ ಮೇಲೆ ಕೂತರು. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಾದಾಗ ಅವರು ತೂಕಡಿಸುವವರನ್ನು ಎಬ್ಬಿಸಿ ಕಳಿಸಿದರು, ಅವಳಿಗೆ ಏನೂ ಹೇಳಲಿಲ್ಲ. ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು ಅಲ್ಲೇ ಕೂತು ತಮ್ಮ ಡಬ್ಬಿ ಬಿಚ್ಚಿದರು. ಇದು ಅವಳಿಗೆ ಗೊತ್ತಾದದ್ದು ಬಹಳ ಹೊತ್ತಿನ ಮೇಲೆ, ಒಂದು ಪುಟ ತಿರುವುವಾಗ.

ಅವಳು ಹುಡುಕುತ್ತಿದ್ದುದು ಒಂದೇ, ಅವನು ಮಾಡಿದ ಸಣ್ಣದೊಂದು ಒಳ್ಳೆಯ ಕೆಲಸ. ಗೆದ್ದ ಯುದ್ಧ, ಮಾಡಿದ ಕಾನೂನು ಅವಳಿಗೆ ಬೇಡವಾಗಿತ್ತು. ಹಿಂಸೆಯ ನಡುವೆ ಬದುಕಿದವನಿಗೂ ಬೇರೆ ಗತಿಯುಂಟು ಎಂದು ಹೇಳಲು ಒಂದು ಆಧಾರ ಸಿಕ್ಕರೆ ಸಾಕಿತ್ತು. ಚಕ್ರವರ್ತಿಯನ್ನು ನರಕದಿಂದ ಎತ್ತಿದರೆ ಅವನ ಹಿಂದೆ ನಿಂತ ಸಿಪಾಯಿಗಳೆಲ್ಲ ತಾವಾಗಿಯೇ ಮೇಲೆ ಬರುತ್ತಾರೆ. ಎಂಥ ಲೆಕ್ಕ ಇದು, ಎಂದು ನಡುವೆ ಅವಳಿಗೇ ನಗು ಬಂತು. ಆದರೂ ಓದಿದಳು. ಓದುತ್ತ ಓದುತ್ತ ಬಂದ ಕೆಲಸವೇ ಮರೆತು ಬರೀ ಕುತೂಹಲ ಉಳಿಯಿತು. ದ್ವೀಪದಲ್ಲಿ ಅವನನ್ನು ಚಕ್ರವರ್ತಿ ಎನ್ನದೆ ಬರೀ ಜನರಲ್ ಎಂದರೆಂದು ಮುಖ ಊದಿಸಿಕೊಂಡನಂತೆ. ಸಾಯುವ ಒಂದೆರಡು ವರ್ಷ ಮೊದಲು ಹುಲ್ಲಿನ ಟೋಪಿ ಹಾಕಿಕೊಂಡು, ಬೆಳಗಾಗುವ ಮುಂಚೆ ಮನೆಯವರನ್ನೆಲ್ಲ ಎಬ್ಬಿಸಿ, ಗುದ್ದಲಿ ಕೊಟ್ಟು ತೋಟ ಅಗೆಸಿದನಂತೆ. ದೇಶಗಳನ್ನು ಅಗೆದವನಿಗೆ ಒಂದು ಪಾತಿ ಸಾಕಾಗುವ ದಿನವೂ ಬರುತ್ತದೆಯೇ? ಅಥವಾ ಆ ಪಾತಿಯನ್ನೂ ಅವನು ಗೆಲ್ಲಲೆಂದೇ ಅಗೆದನೇ? ಆ ಗಿಡಗಳಿಗೆ ಅವನ ಹೆಸರು ಗೊತ್ತಿರಲಿಲ್ಲವಲ್ಲ, ಅದು ಅವನಿಗೆ ಹಿತವಾಗಿತ್ತೇ, ನೋವಾಗಿತ್ತೇ? ಆಮೇಲೆ ಸಿಕ್ಕಿತು. ದ್ವೀಪದ ಇಕ್ಕಟ್ಟಾದ ದಾರಿಯಲ್ಲಿ ಭಾರದ ಪೆಟ್ಟಿಗೆ ಹೊತ್ತ ಗುಲಾಮರು ಎದುರು ಬಂದಾಗ ಜೊತೆಯಲ್ಲಿದ್ದ ಹೆಂಗಸು ಅವರನ್ನು ಗದರಿ ಪಕ್ಕಕ್ಕೆ ಸರಿಯಲು ಹೇಳಿದಳಂತೆ. ಅವನು ತಾನೇ ಸರಿದು ನಿಂತು, ಅವರು ಹೊತ್ತ ಭಾರಕ್ಕೆ ಮರ್ಯಾದೆ ಕೊಡಿ ಎಂದನಂತೆ. ಇನ್ನೊಂದು ಕಡೆ, ತೋಟದಲ್ಲಿ ದುಡಿಯುವ ಮುದಿ ಗುಲಾಮನೊಬ್ಬನನ್ನು ಹಣ ಕೊಟ್ಟು ಬಿಡಿಸಿ ಊರಿಗೆ ಕಳಿಸಲು ನೋಡಿದನಂತೆ, ಮೇಲಿನವರು ಒಪ್ಪಲಿಲ್ಲವಂತೆ. ಕಾಂಚನಮಾಲಾ ಪುಸ್ತಕ ಮುಚ್ಚಿದಳು. ಸಿಕ್ಕಿದ ಸಂತೋಷದಲ್ಲಿ ಎದ್ದವಳು ಅರ್ಧ ಮೆಟ್ಟಿಲಿಳಿದು ನಿಂತಳು. ಮಗ ಸತ್ತವಳ ಮುಂದೆ ಇದನ್ನು ಹಿಡಿದುಕೊಂಡು ಹೋಗುವುದೇ? ಮಗುವಿಗೆ ಹೊಡೆದು ಆಮೇಲೆ ಪೆಪ್ಪರಮಿಂಟು ಕೊಟ್ಟ ಹಾಗೆ?

ಬಸ್ಸು ತಡವಾಯಿತು. ಹಳೇಬೀಡು ಬಂದಾಗ ಅವಳು ಇಳಿಯಲಿಲ್ಲ. ‘ಇಳೀರಮ್ಮ, ನಿಮ್ಮೂರು ಬಂತು’ ಎಂದ ಕಂಡಕ್ಟರ್ ಪುಟ್ಟಸ್ವಾಮಿ, ಅವಳನ್ನು ಬಲ್ಲವನು.

‘ಹುಲಿಕೆರೆಗೆ ಹೋಗಬೇಕಪ್ಪ.’

‘ಇದು ಊರೊಳಿಕ್ಕೆ ಹೋಗಾಕಿಲ್ಲ. ಕೈಮರದತ್ರ ಬಿಡ್ತೀನಿ. ನಡೀಬೌದಾ? ಸ್ವಲ್ಪ ದೂರಾನೇ ಐತೆ.’ ಎಂದು ಹೇಳಿ, ಕೈಮರದ ಬಳಿ ಬಸ್ಸು ಪೂರ್ತಿ ನಿಲ್ಲುವವರೆಗೆ ಅವಳ ಮೊಣಕೈ ಹಿಡಿದುಕೊಂಡಿದ್ದ. ಬಸ್ಸು ಹೋದಮೇಲೆ ದಾರಿ ಬಹಳ ನಿಶ್ಶಬ್ದವಾಗಿತ್ತು. ತೆಂಗಿನ ತೋಟಗಳ ನಡುವೆ ನಡೆಯುತ್ತ ಏನು ಹೇಳಬೇಕೆಂದು ಜೋಡಿಸಿಕೊಂಡಳು, ಬಿಚ್ಚಿದಳು, ಮತ್ತೆ ಜೋಡಿಸಿದಳು. ಶೀಲಾವತಿ ಮಾತಾಡದಿದ್ದರೆ? ಮುಖ ತಿರುಗಿಸಿ ಒಳಗೆ ಹೋದರೆ? ತಮ್ಮ ಅನಂತನಾಥ ಬಾಗಿಲಲ್ಲೇ, ಅಕ್ಕ ಮಲಗಿದ್ದಾರೆ ಎಂದುಬಿಟ್ಟರೆ? ಹಾಗಾದರೆ ಈ ವಯಸ್ಸಿನಲ್ಲಿ, ಎದುರುಮನೆಯ ಬೀಗ ನೋಡಿಕೊಂಡು ಉಳಿದ ದಿನ ಕಳೆಯಬೇಕು. ಅಷ್ಟು ಮಧ್ಯಾಹ್ನಗಳಲ್ಲಿ ಯಾರಿಗೆ ಏನು ಅರ್ಥ ಹೇಳುವುದು?

ಮನೆಯಲ್ಲಿ ಬೇರೆ ಯಾರೂ ಕಾಣಲಿಲ್ಲ. ಹಿತ್ತಿಲಲ್ಲಿ ಶೀಲಾವತಿ ತಂತಿಯಿಂದ ಬಟ್ಟೆ ತೆಗೆದು ಮಡಿಸುತ್ತಿದ್ದಳು. ‘ಅಯ್ಯೋ, ಕಾಂಚನಕ್ಕ! ಒಬ್ರೇ ಬಂದ್ರಾ? ಕೈಮರದಿಂದ ನಡ್ಕೊಂಡು? ನಿಮ್ಗೆ ಬುದ್ಧಿ ಇದ್ಯಾ?’ ಎಂದು ಅವಳ ಚೀಲ ತೆಗೆದುಕೊಂಡು, ಒಗೆಯುವ ಕಲ್ಲಿನ ಮೇಲೆ ಒಣಗಿದ ಟವೆಲು ಹಾಸಿ ಕೂರಿಸಿದಳು.

‘ಹೇಳದೆ ಬಂದುಬಿಟ್ಟೆ ನೀನು.’

‘ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರಿ.’

ಕಾಂಚನಮಾಲಾ ಜೋಡಿಸಿಕೊಂಡದ್ದನ್ನೆಲ್ಲ ಒಮ್ಮೆಗೇ ಹೇಳತೊಡಗಿದಳು. ಲೈಬ್ರರಿಗೆ ಹೋಗಿದ್ದೆ, ಅವನು ಅಷ್ಟೇನೂ ಕೆಟ್ಟವನಲ್ಲ ಕಣೇ, ಹೀಗೆ ಭಾರ ಹೊತ್ತವರಿಗೆ ದಾರಿ ಬಿಟ್ಟನಂತೆ, ಹೀಗೆ ಒಬ್ಬ ಮುದುಕನನ್ನು ಬಿಡಿಸಲು ನೋಡಿದನಂತೆ. ಶೀಲಾವತಿ ಅರ್ಧ ಮಡಿಸಿದ ಪಂಚೆಯನ್ನು ಹಿಡಿದುಕೊಂಡೇ ಕೇಳಿದಳು. ‘ಒಳ್ಳೇದಾಯ್ತಲ್ಲ’ ಎಂದಳು, ಪಕ್ಕದ ಮನೆಯ ಮಗುವಿಗೆ ಜ್ವರ ಬಿಟ್ಟಿತೆಂದರೆ ಹೇಳುವ ಹಾಗೆ.

‘ಶೀಲಾ, ಅವತ್ತು ಆ ನರಕದ ಮಾತು...’

‘ಅಕ್ಕ, ಒಂದು ಕೇಳ್ಲಾ? ಆ ಹಿಮ ಅಂದ್ರಲ್ಲ, ಅದರ ಮೇಲೆ ಕಾಲಿಟ್ರೆ ಸದ್ದು ಬರುತ್ತಾ?’

ಕಾಂಚನಮಾಲಾ ಅವಳ ಮುಖ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಮೊದಲ ದಿನ, ದ್ವೀಪ ಅಂದ್ರೆ ಸುತ್ತ ನೀರಾ ಎಂದು ಕೇಳಿದಾಗ ಇದ್ದ ಮುಖವೇ. ‘ಗೊತ್ತಿಲ್ಲ’ ಎಂದಳು.

‘ಅವತ್ತು ಕಂಡೋರ ಹಾಗೆ ಹೇಳಿದ್ರಿ!’

‘ಓದಿದ್ದು. ನಾನು ಕಂಡಿರೋದು ಆಲಿಕಲ್ಲು ಒಂದೇ, ಅದೂ ಬಾವಿಕಟ್ಟೆ ಮೇಲೆ ಬಿದ್ದಿದ್ದು.’

‘ನಾನೂ ಅಷ್ಟೇ.’ ಶೀಲಾವತಿ ಸ್ವಲ್ಪ ನಕ್ಕಳು. ಆಮೇಲೆ ಕೇಳಿದಳು. ‘ನಿದ್ದೆ ಬರೋದು ಮಾತ್ರ ನಿಜಾನಾ? ಅದೂ ನೀವು ಸೇರಿಸಿದ್ದಾ?’

‘ಅದು ನಿಜ. ಬದುಕಿ ಬಂದವರೇ ಹೇಳಿದ್ದಾರೆ. ಕೊನೆಕೊನೆಗೆ ನೋವು ಗೊತ್ತಾಗಲ್ವಂತೆ. ಬೆಚ್ಚಗೆ ಅನಿಸುತ್ತಂತೆ.’

ಶೀಲಾವತಿ ಪಂಚೆಯನ್ನು ಪೂರ್ತಿ ಮಡಿಸಿ, ಮತ್ತೆ ಬಿಚ್ಚಿ, ಅಂಚು ಸೇರಿಸಿ ಮಡಿಸಿದಳು. ‘ಹಿಮದಲ್ಲಿ ಸಿಕ್ಕಿಕೊಂಡ ಅಂತ ಮಿಲಿಟರಿಯವರು ಹೇಳಿ ಹೋದ್ರು ಅಕ್ಕ, ಅಷ್ಟೇ. ಹಿಮ ಅಂದ್ರೆ ನನಗೇನು ಗೊತ್ತು? ಕೆರೆ ನೀರಿನ ಹಾಗೆ ಅಂದ್ಕೊಂಡಿದ್ದೆ. ಮುಳುಗಿ, ಉಸಿರು ಕಟ್ಟಿ, ಕೈಕಾಲು ಬಡ್ಕೊಂಡು... ಇಷ್ಟು ವರ್ಷ ಹಾಗೇ ಕಣ್ಮುಂದೆ ಬರ್ತಿತ್ತು. ಕೇಳೋಕೆ ನಾಚಿಕೆ. ಮಗ ಹೇಗೆ ಸತ್ತ ಅಂತ ತಾಯಿಗೇ ಗೊತ್ತಿಲ್ವಾ ಅಂತಾರಲ್ಲ. ಅವತ್ತು ನೀವು ನಿದ್ದೆ ಬರುತ್ತೆ ಅಂದ ಕೂಡ್ಲೇ ಎದೆ ಒಳಗೆ ಏನೋ ಬಿಚ್ಚಿಕೊಂಡು ಹೋಯ್ತು. ತಡಕೊಂಡು ಕೂತಿದ್ದೆ. ಎಲ್ಲಾ ನಗೋ ಹೊತ್ತಿಗೆ ಅಳು ಬಂದ್ಬಿಡ್ತು, ಎದ್ದು ಹೋದೆ. ಇಲ್ಲಿಗೆ ಬಂದು ಎರಡು ದಿನ ಮಲಗಿದ್ದೆ. ಅವನು ಹೋದಮೇಲೆ ಹಾಗೆ ನಿದ್ದೆ ಮಾಡಿರಲಿಲ್ಲ.’

‘ಮತ್ತೆ ನರಕ ಅಂದಿದ್ದು?’

‘ಯಾವ ನರಕ?’ ಶೀಲಾವತಿ ನೆನಪು ಮಾಡಿಕೊಂಡಳು. ‘ಓ, ಅದಾ. ಅದು ಆ ದೊರೆಗೆ ಹೇಳಿದ್ದಲ್ವಾ? ನಮ್ಮ ಹುಡುಗ ಲಾರೀಲಿ ಕಂಬಳಿ, ಸೀಮೆಎಣ್ಣೆ ಹೊಯ್ತಿದ್ದ. ಅವನಿಗೂ ಇವನಿಗೂ ಎಲ್ಲಿಯ ನೆಂಟಸ್ತನ?’

ಕಾಂಚನಮಾಲಾಳಿಗೆ ಹಗುರಾಗಬೇಕಿತ್ತು. ಹಗುರಾಗುವ ಮೊದಲು ಪೆಚ್ಚೆನಿಸಿತು. ತಾನು ಇಷ್ಟು ದಿನ ಹೊತ್ತು ತಿರುಗಿದ ಪಾಪ ಇವಳ ಕಿವಿಗೇ ಬಿದ್ದಿರಲಿಲ್ಲ. ಕಲಿತ ಜಂಬದಿಂದ ಆಡಿದ ಮಾತು ಗಾಳಿಗೆ ಹೋಗಿತ್ತು. ಲಕ್ಷ್ಯವಿಲ್ಲದೆ, ಬರೀ ಕಥೆಯ ಅಂದಕ್ಕೆಂದು ಹೇಳಿದ ಒಂದು ಮಾತು ಇವಳನ್ನು ಮಲಗಿಸಿತ್ತು. ಹಾಗಾದರೆ ಒಳ್ಳೆಯದೂ ತನ್ನ ಕೈಯಲ್ಲಿಲ್ಲ, ಕೆಟ್ಟದ್ದೂ ಇಲ್ಲ. ಇದನ್ನು ಯಾವ ಪುಸ್ತಕದಲ್ಲಿ ನೋಡುವುದು?

‘ಮಿಲಿಟರಿಗೆ ಹೋದ್ರೂ ನಮ್ಮ ಹುಡುಗ ರಾತ್ರಿ ಊಟ ಮಾಡ್ತಿರಲಿಲ್ಲ, ಗೊತ್ತಾ?’ ಎಂದಳು ಶೀಲಾವತಿ. ‘ಕತ್ತಲಾದ್ಮೇಲೆ ತಿನ್ನಬಾರದು ಅಂತ ನಮ್ಮನೇಲಿ ಕಲ್ತಿದ್ದು. ಅಲ್ಲಿ ಚಳಿಗಾಲದಲ್ಲಿ ಬೇಗ ಕತ್ತಲೆಯಂತೆ, ಊಟದ ಗಂಟೆ ಆಮೇಲೆ ಹೊಡಿಯೋದಂತೆ. ಎಷ್ಟೋ ದಿನ ಉಪವಾಸ ಮಲಗಿದ. ಅಡುಗೆಗೆ ಒಬ್ಬ ಸರ್ದಾರ ಇದ್ನಂತೆ. ಅವನಿಗೆ ಹೇಗೋ ಗೊತ್ತಾಗಿ, ಬೆಳಕಿರುವಾಗಲೇ ಎರಡು ರೊಟ್ಟಿ ಬೇಯಿಸಿ, ಬಟ್ಟೇಲಿ ಸುತ್ಕೊಂಡು, ಲಾರಿ ನಿಂತಿರೋ ಕಡೆಗೇ ತಂದು ಕೊಡ್ತಿದ್ನಂತೆ. ಬೈಕೊಂಡೇ ಕೊಡ್ತಿದ್ನಂತೆ. ಆ ಬೈಗುಳಾನ ಅವರ ಭಾಷೇಲೇ ಹೇಳಿ ತೋರಿಸಿ, ರಜಕ್ಕೆ ಬಂದಾಗ ನಗ್ತಿದ್ದ ನಮ್ಮ ಹುಡುಗ.’ ಅವಳು ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು. ‘ಅಕ್ಕ, ಆ ಸರ್ದಾರ ಯಾವ ಗತಿಗೆ ಹೋಗ್ತಾನೆ? ನಿಮಗೆ ಗೊತ್ತಿರುತ್ತೆ.’

ಕಾಂಚನಮಾಲಾಳ ಬಾಯಿಗೆ ಒಂದು ಉತ್ತರ ಬಂದಿತ್ತು. ಚಕ್ರವರ್ತಿಗೊಂದು, ಮುನಿಗೊಂದು, ಹೂವು ಕಚ್ಚಿಕೊಂಡು ದೇವರಿಗೆ ಹೊರಟ ಕಪ್ಪೆಗೊಂದು, ಎಲ್ಲಕ್ಕೂ ಪುರಾಣದಲ್ಲಿ ಲೋಕವಿತ್ತು. ಬೈಯುತ್ತ ರೊಟ್ಟಿ ತರುವವನಿಗೂ ಒಂದನ್ನು ತೋರಿಸಿದರೆ ಶೀಲಾವತಿ ನಂಬುತ್ತಿದ್ದಳು. ‘ಗೊತ್ತಿಲ್ಲ ಶೀಲಾ’ ಎಂದಳು. ಹಾಗೆನ್ನುವಾಗ ತಾನು ಇದುವರೆಗೆ ಯಾರಿಗೂ ಇಷ್ಟು ಸರಿಯಾಗಿ ಅರ್ಥ ಹೇಳಿರಲಿಲ್ಲ ಅನಿಸಿತು.

‘ಇರಲಿ ಬಿಡಿ’ ಎಂದಳು ಶೀಲಾವತಿ.

ಬಿಸಿಲು ಗೋಡೆ ಬಿಟ್ಟು ತೆಂಗಿನ ಗರಿಗಳಿಗೆ ಏರಿತ್ತು. ಶೀಲಾವತಿ ಪಡುವಣದ ಕಡೆ ಒಮ್ಮೆ ನೋಡಿ, ಬಟ್ಟೆಯ ರಾಶಿಯನ್ನು ಹಾಗೇ ಬಿಟ್ಟು ಒಳಗೆ ಹೋದಳು. ಪಾತ್ರೆಯ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ತಟ್ಟೆಯಿತ್ತು, ಅನ್ನ, ಹೆಸರುಬೇಳೆ ತೊವ್ವೆ, ಹೀರೇಕಾಯಿ ಪಲ್ಯ. ತಿಂದಿರಾ ಎಂದು ಕೇಳಲಿಲ್ಲ. ಉಳಿದ ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತು, ತಟ್ಟೆಯನ್ನು ಕಾಂಚನಮಾಲಾಳ ಕೈಗಿಟ್ಟಳು.